ನಿಮ್ಮ ಹೋಬಳಿಯ ಮೀಥೇನ್‌ನಲ್ಲಿ ಬೇಸಾಯದ ಪಾಲೆಷ್ಟು: ಲೆಕ್ಕ ಹಾಕುವ ಬಗೆ

ಮೊದಲು ಮೂರು ಅಂಕಿ. ಭಾರತ ಹೊರಬಿಡುವ, ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲದಲ್ಲಿ ಕೃಷಿ ಮತ್ತು ಪಶುಪಾಲನೆಯ ಪಾಲು 1994ರಲ್ಲಿ ಶೇ. 78, 2007ರಲ್ಲಿ ಶೇ. 67, 2016ರಲ್ಲಿ ಶೇ. 74. ಮೂರೂ ಸರ್ಕಾರದ ಅಧಿಕೃತ ಲೆಕ್ಕಗಳೇ. ಇವನ್ನು ಒಂದು ಗೆರೆಯಲ್ಲಿ ಜೋಡಿಸಿದರೆ ನಮ್ಮ ದನಗಳು ಹದಿಮೂರು ವರ್ಷ ಸುಧಾರಿಸಿ, ಆಮೇಲೆ ಒಂಬತ್ತು ವರ್ಷ ಕೆಟ್ಟುಹೋದಂತೆ ಕಾಣುತ್ತದೆ.

ಶೇಕಡಾವಾರನ್ನು ಬದಿಗಿಟ್ಟು ಟನ್‌ಗಳನ್ನು ನೋಡಿ. ಕೃಷಿಯಿಂದ ಬಂದ ಮೀಥೇನ್ 1994ರಲ್ಲಿ ಸುಮಾರು 142 ಲಕ್ಷ ಟನ್, 2007ರಲ್ಲಿ 138 ಲಕ್ಷ ಟನ್, 2016ರಲ್ಲಿ 144 ಲಕ್ಷ ಟನ್. ಇಪ್ಪತ್ತೆರಡು ವರ್ಷದಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಏರಿಳಿದದ್ದು ಬೇರೆ ಬಾಬತ್ತುಗಳು. ಇಂಧನ ವಿಭಾಗದ ಮೀಥೇನ್ 29 ಲಕ್ಷ ಟನ್ ಇದ್ದದ್ದು 43 ಲಕ್ಷಕ್ಕೆ ಏರಿ, ಮುಂದೆ 21 ಲಕ್ಷದ ಆಸುಪಾಸಿಗೆ ಇಳಿದಿದೆ. ಆ ಅವಧಿಯಲ್ಲಿ ದೇಶದಲ್ಲಿ ಕಲ್ಲಿದ್ದಲು ತೆಗೆಯುವುದು ಹೆಚ್ಚಾಯಿತೇ ಹೊರತು ನಿಲ್ಲಲಿಲ್ಲ. ಅಂದರೆ ಬದಲಾದದ್ದರಲ್ಲಿ ದೊಡ್ಡ ಭಾಗ ಲೆಕ್ಕದ ಬಗೆ. ಇತ್ತ ಕಸ ಮತ್ತು ಕೊಳಚೆ ನೀರಿನ ಮೀಥೇನ್ 10 ಲಕ್ಷದಿಂದ 25 ಲಕ್ಷ, ಅಲ್ಲಿಂದ 28 ಲಕ್ಷ ಟನ್ನಿಗೆ ಏರಿದೆ.

ನಾನು ಮಂಡ್ಯ ಜಿಲ್ಲೆಯಲ್ಲಿ ಪಶುಸಂಗೋಪನೆ ಇಲಾಖೆಯ ಕೆಲಸ ಮಾಡಿ ನಿವೃತ್ತನಾದವನು. ಜಾನುವಾರು ಗಣತಿಗೆಂದು ಮನೆಮನೆ, ಕೊಟ್ಟಿಗೆ ಕೊಟ್ಟಿಗೆ ಅಲೆದಿದ್ದೇನೆ. ನಮ್ಮ ಹೋಬಳಿಯ ಲೆಕ್ಕ ಹಾಕಿದ ಮೇಲೆ ಕಾಲೇಜು ಹುಡುಗರು, ಪಂಚಾಯಿತಿ ಸದಸ್ಯರು, ಒಬ್ಬಿಬ್ಬರು ಪತ್ರಕರ್ತರು ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಬರೆದಿದ್ದೇನೆ. ಬೇಕಾದದ್ದು ಒಂದು ಲೆಕ್ಕದ ಪುಸ್ತಕ, ಗುಣಾಕಾರ ಮಾಡುವಷ್ಟು ತಾಳ್ಮೆ, ಕಚೇರಿಗಳಲ್ಲಿ ಕಾಯುವಷ್ಟು ಅದಕ್ಕಿಂತ ಹೆಚ್ಚಿನ ತಾಳ್ಮೆ.

ಎಲ್ಲೆ ಮತ್ತು ವರ್ಷ

ಜಿಲ್ಲೆಯನ್ನು ಹಿಡಿಯಬೇಡಿ, ಹೋಬಳಿಯಿಂದ ಶುರುಮಾಡಿ. ಹೋಬಳಿಯಾದರೆ ಅಂಕಿಯನ್ನು ಕಣ್ಣಿನಿಂದ ಪರೀಕ್ಷಿಸಬಹುದು. ನಿಮ್ಮೂರಲ್ಲಿ ಮೂರು ಸಾವಿರ ಎಮ್ಮೆ ಇವೆ ಎಂದು ಕಾಗದ ಹೇಳಿದರೆ ಅದು ನಿಜವೋ ಸುಳ್ಳೋ ಡೇರಿಯ ಕಾರ್ಯದರ್ಶಿಯೇ ಹೇಳಿಬಿಡುತ್ತಾರೆ. ಹಳ್ಳಿಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟು, ಎಲ್ಲ ವರ್ಷಕ್ಕೂ ಅದೇ ಪಟ್ಟಿಯನ್ನು ಬಳಸಿ. ತಾಲ್ಲೂಕುಗಳು ಒಡೆಯುತ್ತವೆ, ಹಳ್ಳಿಗಳು ಪುರಸಭೆಗೆ ಸೇರುತ್ತವೆ. ಹೆಸರು ಅದೇ ಇದ್ದರೂ ಎಲ್ಲೆ ಅದೇ ಇರುವುದಿಲ್ಲ.

ಮೀಥೇನ್ ಎಲ್ಲಿ ಹೊರಬರುತ್ತದೋ ಅಲ್ಲಿನ ಖಾತೆಗೆ ಸೇರುತ್ತದೆ. ಹಾಲನ್ನು ಬೆಂಗಳೂರು ಕುಡಿಯುತ್ತದೆ, ತೇಗು ಮಾತ್ರ ಮಂಡ್ಯದ ಲೆಕ್ಕಕ್ಕೆ. ಇದು ನ್ಯಾಯವೇ ಎಂಬ ಪ್ರಶ್ನೆ ಇದ್ದೇ ಇದೆ. ಆದರೆ ಲೆಕ್ಕದ ನಿಯಮ ಹಾಗಿದೆ, ನಾವೂ ಹಾಗೇ ಹಿಡಿಯೋಣ.

ವರ್ಷಗಳ ಆಯ್ಕೆ ನಮ್ಮ ಕೈಯಲ್ಲಿಲ್ಲ, ಗಣತಿಯ ಕೈಯಲ್ಲಿದೆ. 1997, 2003, 2007, 2012, 2019 ಜಾನುವಾರು ಗಣತಿಯ ವರ್ಷಗಳು. ಇವುಗಳಲ್ಲಿ ಎರಡಾದರೂ ಸಿಗಬೇಕು. ನಡುವಿನ ವರ್ಷಗಳಿಗೆ ದನಗಳ ಮಟ್ಟಿಗೆ ಸರಳ ರೇಖೆ ಎಳೆಯಬಹುದು, ಹಟ್ಟಿ ಒಂದೇ ವರ್ಷದಲ್ಲಿ ಖಾಲಿಯಾಗುವುದಿಲ್ಲ. ಭತ್ತಕ್ಕೆ ಹಾಗೆ ಮಾಡಲೇಬಾರದು. 2016ರಂತೆ ಕನ್ನಂಬಾಡಿಯಲ್ಲಿ ನೀರಿಲ್ಲದ ವರ್ಷ ಬಂದರೆ ಗದ್ದೆಯೆಲ್ಲ ಬೀಳು. ಆಚೀಚೆಯ ವರ್ಷಗಳ ಸರಾಸರಿ ಹಿಡಿದರೆ ಇಲ್ಲದ ಬೆಳೆಯನ್ನು ಎಣಿಸಿದಂತಾಗುತ್ತದೆ.

ದನಗಳ ಲೆಕ್ಕ

ದನ, ಎಮ್ಮೆ, ಕುರಿ, ಆಡು ಮೆಲುಕು ಹಾಕುವ ಪ್ರಾಣಿಗಳು. ಅವುಗಳ ಮೊದಲ ಹೊಟ್ಟೆಯಲ್ಲಿ, ಅಂದರೆ ರೂಮೆನ್‌ನಲ್ಲಿ, ಗಾಳಿಯಿಲ್ಲದೆ ಹುಲ್ಲು ಕೊಳೆತು ಜೀರ್ಣವಾಗುವಾಗ ಸೂಕ್ಷ್ಮಜೀವಿಗಳು ಮೀಥೇನ್ ಹುಟ್ಟಿಸುತ್ತವೆ. ಅದರ ಬಹುಪಾಲು ಹೊರಬರುವುದು ಬಾಯಿಯಿಂದ, ತೇಗಿನ ಜೊತೆ. ಹಿಂದಿನಿಂದ ಎಂದು ತಿಳಿದು ನಗುವವರು ನಗಲಿ.

ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಗಣತಿಯ ಅಂಕಿ ಕೇಳಿ. ಸಿಗದಿದ್ದರೆ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಪ್ರಕಟಿಸುವ ಜಿಲ್ಲಾ ಅಂಕಿಅಂಶಗಳ ಪುಸ್ತಕದಲ್ಲಿ ತಾಲ್ಲೂಕುವಾರು ಪಟ್ಟಿ ಇರುತ್ತದೆ. ಒಟ್ಟು ಸಂಖ್ಯೆ ಕೊಟ್ಟು ಕಳಿಸಿದರೆ ತೆಗೆದುಕೊಂಡು ಬರಬೇಡಿ. ನಿಮಗೆ ಬೇಕಾದದ್ದು ವಿಂಗಡಣೆ: ನಾಟಿಯೋ ಮಿಶ್ರತಳಿಯೋ, ಹಸುವೋ ಎತ್ತೋ, ಕರುವೋ ಕಡಸೋ. ಲೆಕ್ಕದ ಜೀವವೇ ಅದರಲ್ಲಿದೆ.

ತಲೆಗೊಂದು ಗುಣಕ ಇರುತ್ತದೆ: ಒಂದು ಪ್ರಾಣಿ ವರ್ಷಕ್ಕೆ ಎಷ್ಟು ಕಿಲೋ ಮೀಥೇನ್ ಬಿಡುತ್ತದೆ ಎಂಬ ಅಂದಾಜು. ಭಾರತದ ರಾಷ್ಟ್ರೀಯ ಲೆಕ್ಕದಲ್ಲಿ ಬಳಸಿದ ಗುಣಕಗಳು ಹೀಗಿವೆ: ಹಾಲು ಕೊಡುವ ನಾಟಿ ಹಸು 28, ಮಿಶ್ರತಳಿ ಹಸು 43, ಹಾಲೆಮ್ಮೆ 50, ಬೆಳೆದ ನಾಟಿ ಎತ್ತು 32. ನಾಟಿ ಕರು ಮೊದಲ ವರ್ಷದಲ್ಲಿ 9, ಒಂದರಿಂದ ಮೂರು ವರ್ಷದವರೆಗೆ 23. ಮಿಶ್ರತಳಿ ಕಡಸು ಒಂದರಿಂದ ಎರಡೂವರೆ ವರ್ಷದವರೆಗೆ 26. ಕುರಿ, ಆಡು ತಲಾ 4. ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿ 2006ರಲ್ಲಿ ಭಾರತ ಉಪಖಂಡಕ್ಕೆಂದು ಕೊಟ್ಟ ಗುಣಕಗಳು ಬೇರೆ: ಹಾಲಿನ ಹಸುವಿಗೆ 58, ಉಳಿದ ದನಕ್ಕೆ 27, ಎಮ್ಮೆಗೆ 55, ಕುರಿ ಮತ್ತು ಆಡಿಗೆ 5.

ಯಾವುದನ್ನು ಬಳಸಬೇಕು? ಯಾವುದಾದರೂ ಸರಿ, ಕೊನೆಯವರೆಗೂ ಅದನ್ನೇ ಬಳಸಿ. ನಾಲ್ಕು ಸಾವಿರ ಮಿಶ್ರತಳಿ ಹಸುಗಳಿಗೆ ಒಂದು ವರ್ಷ 43, ಇನ್ನೊಂದು ವರ್ಷ 58 ಹಾಕಿದರೆ ಒಂದು ಕರುವೂ ಹುಟ್ಟದೆ 60 ಟನ್ ಹೆಚ್ಚಾಗುತ್ತದೆ. ಬಿತ್ತುವಾಗ ಒಂದು ಸೇರು, ಕಣದಲ್ಲಿ ಇನ್ನೊಂದು ಸೇರು ಹಿಡಿದು ಇಳುವರಿ ಹೇಳುವವನನ್ನು ಯಾರೂ ನಂಬುವುದಿಲ್ಲ. ಆದರೆ ವರದಿಗಳಲ್ಲಿ ಈ ಕೆಲಸ ದಿನವೂ ನಡೆಯುತ್ತದೆ. ನನ್ನ ಆಯ್ಕೆ ನಮ್ಮ ದೇಶದ ಗುಣಕಗಳು, ಏಕೆಂದರೆ ಅವು ನಾಟಿಯನ್ನೂ ಮಿಶ್ರತಳಿಯನ್ನೂ ಬೇರೆ ಮಾಡುತ್ತವೆ. ಹಳೆಯ ಮೈಸೂರು ಸೀಮೆಯಲ್ಲಿ ಆಗಿರುವ ದೊಡ್ಡ ಬದಲಾವಣೆಯೇ ಅದು. ಹಳ್ಳಿಕಾರ್ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್, ನಾಟಿ ಹಸುವಿನ ಜಾಗಕ್ಕೆ ಹೊರದೇಶದ ಹಾಲಿನ ತಳಿಯಾದ ಎಚ್‌.ಎಫ್. ಬಂದಿವೆ.

ಗಣತಿಯ ಅಂಕಿಯನ್ನು ದೇವರ ವಾಕ್ಯ ಎಂದು ತಿಳಿಯಬೇಡಿ. ಹಳ್ಳಿಯ ಹಿರಿಯ ಹೆಂಗಸರು ನನಗೆ ಹೇಳುತ್ತಿದ್ದದ್ದು, “ಎಳೆಗರು ಎಣಿಸಬೇಡಿ ಸ್ವಾಮಿ, ಕಣ್ಣಾಗುತ್ತದೆ.” ಅವರ ಮಾತಿಗೆ ಬೆಲೆ ಕೊಟ್ಟು ಬಿಟ್ಟುಹೋದ ಗಣತಿದಾರರೂ ಇದ್ದಾರೆ. ಸಾಲವೋ ಸಹಾಯಧನವೋ ಬರಬಹುದೆಂಬ ಗುಮಾನಿ ಇದ್ದ ಊರಿನಲ್ಲಿ ಒಂದೇ ಹಸು ಅಣ್ಣನ ಮನೆಯಲ್ಲೂ ತಮ್ಮನ ಮನೆಯಲ್ಲೂ ಎಣಿಕೆಗೆ ಸಿಕ್ಕಿದ್ದುಂಟು. ಅದಕ್ಕೇ ಡೇರಿಯ ಹಾಲಿನ ಪುಸ್ತಕದೊಂದಿಗೆ ಒಮ್ಮೆ ತಾಳೆ ನೋಡಿ. ದಿನಕ್ಕೆ ಬರುವ ಹಾಲಿಗೂ ಹಸುಗಳ ಸಂಖ್ಯೆಗೂ ಹೊಂದದಿದ್ದರೆ ಊರಿನ ಎರಡು ಬೀದಿ ನೀವೇ ಎಣಿಸಿ.

ಸೆಗಣಿಯ ಬಾಬತ್ತನ್ನು ಹೆಚ್ಚು ಎಳೆಯುವುದಿಲ್ಲ. ನಮ್ಮ ಕಡೆ ಸೆಗಣಿ ತಿಪ್ಪೆಗೆ ಹೋಗುತ್ತದೆ, ಬೆರಣಿಯಾಗುತ್ತದೆ, ಒಣಗುತ್ತದೆ. ಗಾಳಿಯಾಡುವ ಕಡೆ ಮೀಥೇನ್ ಕಡಿಮೆ. 1994ರ ರಾಷ್ಟ್ರೀಯ ಲೆಕ್ಕದಲ್ಲಿ ಸೆಗಣಿಯ ಮೀಥೇನ್ ತೇಗಿನ ಮೀಥೇನ್‌ನ ಹತ್ತನೇ ಒಂದು ಭಾಗದಷ್ಟಿತ್ತು. ಅಷ್ಟನ್ನೇ ಸೇರಿಸಿ ಮುಂದೆ ಹೋಗಿ.

ರಾಜ್ಯದ ಮಟ್ಟದ ಒಂದು ಉದಾಹರಣೆ ನೋಡಿದರೆ ವಿಂಗಡಣೆ ಏಕೆ ಬೇಕೆಂದು ಗೊತ್ತಾಗುತ್ತದೆ. 2012ರಿಂದ 2019ರ ನಡುವೆ ಕರ್ನಾಟಕದ ಎಮ್ಮೆಗಳು ಸುಮಾರು 35 ಲಕ್ಷದಿಂದ 30 ಲಕ್ಷಕ್ಕೆ ಇಳಿದವು. ಕುರಿಗಳು 96 ಲಕ್ಷದಿಂದ 111 ಲಕ್ಷಕ್ಕೆ, ಆಡುಗಳು 48 ಲಕ್ಷದಿಂದ 62 ಲಕ್ಷಕ್ಕೆ ಏರಿದವು. ತಲೆ ಎಣಿಸಿದರೆ 5 ಲಕ್ಷ ಹೋಗಿ 29 ಲಕ್ಷ ಬಂದಿವೆ. ಮೀಥೇನ್ ಎಣಿಸಿದರೆ, ಹೋದವೆಲ್ಲ ಹಾಲೆಮ್ಮೆಗಳೇ ಎಂದುಕೊಂಡಲ್ಲಿ, 25,000 ಟನ್ ಹೋಗಿ 11,600 ಟನ್ ಬಂದಿದೆ. ಹಿಂಡು ಬೆಳೆದಿದೆ, ಅನಿಲ ಇಳಿದಿದೆ.

ಗದ್ದೆಯ ಲೆಕ್ಕ

ಭತ್ತದ ಗದ್ದೆಯಲ್ಲಿ ನೀರು ನಿಂತಾಗ ಕೆಸರಿಗೆ ಗಾಳಿ ಹೋಗುವುದಿಲ್ಲ. ದನದ ಹೊಟ್ಟೆಯೊಳಗೆ ನಡೆಯುವುದೇ ಅಲ್ಲೂ ನಡೆಯುತ್ತದೆ. ಆದ್ದರಿಂದ ಎಷ್ಟು ಎಕರೆ ಎಂಬುದಕ್ಕಿಂತ ನೀರು ಎಷ್ಟು ದಿನ ನಿಂತಿತ್ತು ಎಂಬುದು ಮುಖ್ಯ. ರಾಷ್ಟ್ರೀಯ ಗುಣಕಗಳು ಇದನ್ನೇ ಹೇಳುತ್ತವೆ: ಬೆಳೆಯುದ್ದಕ್ಕೂ ನೀರು ನಿಂತ ಗದ್ದೆ ಹೆಕ್ಟೇರಿಗೆ ಒಂದು ಬೆಳೆಗೆ 162 ಕಿಲೋ ಮೀಥೇನ್ ಬಿಡುತ್ತದೆ. ನಡುವೆ ಒಮ್ಮೆ ನೀರು ಬಸಿದು ಒಣಗಿದ ಗದ್ದೆ 66 ಕಿಲೋ. ಹಲವು ಬಾರಿ ಒಣಗಿದ್ದು 18 ಕಿಲೋ. ನೀರು ನಿಲ್ಲದ ಬೆದ್ದಲು ಭತ್ತ ಸೊನ್ನೆ.

162ಕ್ಕೂ 18ಕ್ಕೂ ಒಂಬತ್ತು ಪಟ್ಟು ಅಂತರ. ದನಗಳ ಲೆಕ್ಕದಲ್ಲಿ ನೀವು ಎಷ್ಟೇ ಎಡವಿದರೂ ಇಷ್ಟು ದೊಡ್ಡ ವ್ಯತ್ಯಾಸ ಬರುವುದಿಲ್ಲ. ಆದ್ದರಿಂದ ಹೆಚ್ಚಿನ ಸಮಯವನ್ನು ಇಲ್ಲಿ ಕೊಡಿ.

ಭತ್ತದ ವಿಸ್ತೀರ್ಣ ರೈತ ಸಂಪರ್ಕ ಕೇಂದ್ರದಲ್ಲಿ ಸಿಗುತ್ತದೆ. ಈಚಿನ ವರ್ಷಗಳಿಗೆ ಬೆಳೆ ಸಮೀಕ್ಷೆಯ ದಾಖಲೆ ಇದೆ, ಹಳೆಯ ವರ್ಷಗಳಿಗೆ ಪಹಣಿಯ ಆಧಾರದ ಅಂಕಿ. ಮುಂಗಾರು, ಬೇಸಿಗೆ ಎರಡನ್ನೂ ಕೂಡಿಸಿ, ಏಕೆಂದರೆ ಗುಣಕ ಇರುವುದು ಒಂದು ಬೆಳೆಗೆ. ಎಕರೆಯಲ್ಲಿದ್ದರೆ ಎರಡೂವರೆಯಿಂದ ಭಾಗಿಸಿದರೆ ಹೆಕ್ಟೇರಿಗೆ ಹತ್ತಿರ ಬರುತ್ತದೆ.

ನೀರಿನ ಕಥೆ ಮಾತ್ರ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅದಕ್ಕೆ ಮನುಷ್ಯರನ್ನೇ ಕೇಳಬೇಕು. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ನೀರು ಬಿಡುವ ಸೌಡಿಗಳಿದ್ದಾರೆ, ಕೆರೆಯ ಕೆಳಗಾದರೆ ನೀರುಗಂಟಿ. ಅವರಲ್ಲಿ ಹಿರಿಯರೊಬ್ಬರನ್ನು ಹಿಡಿದು ಕೇಳಿ: ಆ ವರ್ಷ ನಾಲೆಗೆ ನೀರು ಸತತವಾಗಿ ಬಂತೋ, ಕಟ್ಟು ಪದ್ಧತಿಯಲ್ಲಿ ಬಿಟ್ಟರೋ? ಕಟ್ಟಿನಲ್ಲಿ ಬಿಟ್ಟರೆ ಎಷ್ಟು ದಿನ ಬಿಟ್ಟು ಎಷ್ಟು ದಿನ ನಿಲ್ಲಿಸಿದರು? ನಿಲ್ಲಿಸಿದಾಗ ತೂಬಿನ ಬಳಿಯ ಗದ್ದೆ ಒಣಗಿತೋ, ಕೊನೆ ಭಾಗದ್ದು ಮಾತ್ರ ಒಣಗಿತೋ? ಬೇಕಾದ ಉತ್ತರ ಈ ಮೂರು ಪ್ರಶ್ನೆಯಲ್ಲೇ ಸಿಗುತ್ತದೆ. ತೂಬಿನ ಬಳಿಯ ಜೌಗು ಗದ್ದೆಗಳಿಗೆ 162 ಹಾಕಿ. ಕೆಸರು ಬಿರುಕು ಬಿಡುವಷ್ಟು ಒಮ್ಮೆ ಒಣಗಿದವಕ್ಕೆ 66. ಕೊನೆ ಭಾಗದಲ್ಲಿ ಮತ್ತೆಮತ್ತೆ ಒಣಗಿ, ರೈತರು ಕಚೇರಿಯ ಮುಂದೆ ಧರಣಿ ಕೂತ ಕಡೆ 18.

ಕಾವೇರಿ ನೀರಿನ ಕೊರತೆಯಿಂದ ಬಂದ ಕಟ್ಟು ಪದ್ಧತಿ ಮೀಥೇನ್ ಇಳಿಸಲೆಂದು ಯಾರೂ ಮಾಡಿದ್ದಲ್ಲ. ಆದರೂ ಇಳಿಸಿದೆ. ಇದನ್ನು ಸಾಧನೆ ಎಂದು ಬರೆಯುವ ಮುನ್ನ ಕೊನೆ ಭಾಗದ ರೈತನ ಇಳುವರಿ ಎಷ್ಟಾಯಿತು ಎಂದೂ ಕೇಳಿ.

ಇನ್ನೊಂದು ವಿಷಯ, ಹುಲ್ಲು. ನಾಟಿಗೆ ಮೂವತ್ತು ದಿನದೊಳಗೆ ಹಸಿಹುಲ್ಲನ್ನೋ ಕೂಳೆಯನ್ನೋ ಕೆಸರಿಗೆ ಉತ್ತರೆ ಮೀಥೇನ್ ಜಾಸ್ತಿ. ಅದೇ ತೂಕದ ಹುಲ್ಲನ್ನು ಬಹಳ ಮೊದಲೇ ಉತ್ತರೆ ಅದರ ಪ್ರಭಾವ ಮೂರನೇ ಒಂದು ಭಾಗಕ್ಕೂ ಕಡಿಮೆ, ಕಳಿತ ಕಾಂಪೋಸ್ಟ್ ಹಾಕಿದರೆ ಇಪ್ಪತ್ತನೇ ಒಂದು ಭಾಗ. ಹಿಂದೆ ಹುಲ್ಲೆಲ್ಲ ಮೆದೆಗೆ, ಮೆದೆಯಿಂದ ದನಕ್ಕೆ ಹೋಗುತ್ತಿತ್ತು. ಕಟಾವು ಯಂತ್ರ ಬಂದ ಮೇಲೆ ಗದ್ದೆಯಲ್ಲೇ ಉಳಿಯುವ ಹುಲ್ಲು ಹೆಚ್ಚಾಗಿದೆ. ಮೊದಲ ಲೆಕ್ಕದಲ್ಲಿ ಇದನ್ನು ಅಂಕಿಗೆ ಇಳಿಸಬೇಡಿ, ಪಕ್ಕದಲ್ಲಿ ಟಿಪ್ಪಣಿ ಬರೆಯಿರಿ. ಕಬ್ಬಿನ ತರಗು ಸುಡುವುದರಿಂದ ಬರುವ ಮೀಥೇನ್ ಒಣ ತರಗಿನ ಟನ್ನಿಗೆ 2.7 ಕಿಲೋ. ಹೋಬಳಿ ಮಟ್ಟದಲ್ಲಿ ಅದು ಚಿಲ್ಲರೆ.

ಬೇಸಾಯವಲ್ಲದ್ದು

ಹೆಚ್ಚಿನವರು ಕೈಬಿಡುವುದು ಇದನ್ನೇ. ಪಾಲು ಎಂದರೆ ಭಾಗಾಕಾರ. ಮೇಲಿನ ಅಂಕಿಗೆ ವಾರಗಟ್ಟಲೆ ಓಡಾಡಿ, ಕೆಳಗಿನದನ್ನು ಯಾವುದೋ ವರದಿಯಿಂದ ಎತ್ತಿ ಹಾಕಿದರೆ ಬರುವ ಉತ್ತರಕ್ಕೆ ಬೆಲೆಯಿಲ್ಲ. ನಮ್ಮ ಕಡೆ ಕಲ್ಲಿದ್ದಲು ಗಣಿಯಿಲ್ಲ, ತೈಲಬಾವಿಯಿಲ್ಲ. ನೋಡಬೇಕಾದದ್ದು ಮೂರೇ: ಒಲೆ, ಶೌಚಗುಂಡಿ, ಕಸದ ರಾಶಿ.

ಒಲೆ: ಒಂದು ಟನ್ ಸೌದೆ ಉರಿದರೆ ಸುಮಾರು 4.7 ಕಿಲೋ ಮೀಥೇನ್. ಸೌದೆ ಒಲೆಯ ಮನೆಗಳ ಸಂಖ್ಯೆ ಜನಗಣತಿಯಲ್ಲಿದೆ. ಮನೆಗೆ ವರ್ಷಕ್ಕೆ ಎಷ್ಟು ಸೌದೆ ಎಂಬುದನ್ನು ನಾಲ್ಕು ಮನೆಯಲ್ಲಿ ತೂಗಿ ನೋಡಿ. ಸ್ನಾನದ ನೀರು ಕಾಯಿಸುವ ಒಲೆ ಮರೆಯಬೇಡಿ. ಸಿಲಿಂಡರ್ ಬಂದ ಮನೆಯಲ್ಲೂ ಹಂಡೆಯ ಕೆಳಗೆ ತೆಂಗಿನ ಗರಿ ಉರಿಯುತ್ತಲೇ ಇರುತ್ತದೆ.

ಶೌಚಗುಂಡಿ: ಸೆಪ್ಟಿಕ್ ಟ್ಯಾಂಕ್ ಬಳಸುವ ಒಬ್ಬ ಮನುಷ್ಯನಿಂದ ವರ್ಷಕ್ಕೆ ಸುಮಾರು 3.7 ಕಿಲೋ ಮೀಥೇನ್ ಬರುತ್ತದೆ, ಹೆಚ್ಚುಕಡಿಮೆ ಒಂದು ಕುರಿಯಷ್ಟು. ಅಂತರ್ಜಲಕ್ಕಿಂತ ಮೇಲಿರುವ ಒಣ ಗುಂಡಿಯಾದರೆ ಅದರ ಐದನೇ ಒಂದು ಭಾಗ. ಬಯಲಿಗೆ ಹೋಗುತ್ತಿದ್ದ ಕಾಲದಲ್ಲಿ ಈ ಬಾಬತ್ತು ಹತ್ತಿರಹತ್ತಿರ ಸೊನ್ನೆ. ಹಾಗೆಂದು ಶೌಚಾಲಯ ಕಟ್ಟಿಸಿದ್ದು ತಪ್ಪು ಎಂದು ಯಾರೂ ಹೇಳಲಾರರು. ಲೆಕ್ಕದಲ್ಲಿ ಮಾತ್ರ ಅದು ಕಾಣಿಸಲೇಬೇಕು.

ಕಸ: ಹೆಚ್ಚು ಆಳವಿಲ್ಲದ, ಯಾರೂ ನೋಡಿಕೊಳ್ಳದ ರಾಶಿಗೆ ಸುರಿದ ಊರ ಕಸದಿಂದ ಟನ್ನಿಗೆ ಸುಮಾರು 15 ಕಿಲೋ ಹಿಡಿಯಬಹುದು. ದಿನಕ್ಕೆ ಎಷ್ಟು ಟ್ರಾಕ್ಟರ್ ಕಸ ಹೋಗುತ್ತದೆ ಎಂದು ಪೌರಕಾರ್ಮಿಕರನ್ನು ಕೇಳಿ. ಕಡತಕ್ಕಿಂತ ಅವರ ಮಾತು ನಿಖರ.

ಒಂದು ಮಾದರಿ

ಅಭ್ಯಾಸಕ್ಕೆಂದೇ ದುಂಡು ಅಂಕಿಗಳ ಒಂದು ಹೋಬಳಿಯನ್ನು ಕಟ್ಟಿದ್ದೇನೆ. ಇದು ಯಾವ ನಿಜ ಊರಿನದೂ ಅಲ್ಲ.

2003ರಲ್ಲಿ ನಾಟಿ ಹಸು 3,000, ಎತ್ತು 4,000, ಮಿಶ್ರತಳಿ ಹಸು 1,000, ಹಾಲೆಮ್ಮೆ 2,500, ಒಂದರಿಂದ ಮೂರು ವರ್ಷದ ನಾಟಿ ಕರು 2,000, ಕುರಿ ಮತ್ತು ಆಡು 6,000. ಮೇಲಿನ ಗುಣಕಗಳಿಂದ ಗುಣಿಸಿ ಕೂಡಿದರೆ 450 ಟನ್. ಸೆಗಣಿಗೆ 45. ಸತತ ನೀರಿನ ಭತ್ತ 2,000 ಹೆಕ್ಟೇರ್, ಅದಕ್ಕೆ 324. ಬೇಸಾಯದ ಒಟ್ಟು 819 ಟನ್. ಇತ್ತ 7,000 ಮನೆಗಳ ಸೌದೆ ಒಲೆ, ಮನೆಗೆ ಎರಡು ಟನ್ ಸೌದೆಯಂತೆ 66. ಸೆಪ್ಟಿಕ್ ಟ್ಯಾಂಕ್ ಬಳಸುವ 4,000 ಜನರಿಂದ 15. ಎಲ್ಲ ಸೇರಿ 900 ಟನ್, ಬೇಸಾಯದ ಪಾಲು ಶೇ. 91.

2019ರಲ್ಲಿ ನಾಟಿ ಹಸು 1,500, ಎತ್ತು 1,000, ಮಿಶ್ರತಳಿ ಹಸು 4,000, ಹಾಲೆಮ್ಮೆ 1,000, ಮಿಶ್ರತಳಿ ಕಡಸು 2,000, ಕುರಿ ಮತ್ತು ಆಡು 8,000. ಒಟ್ಟು 380 ಟನ್, ಸೆಗಣಿಗೆ 38. ಭತ್ತ 1,500 ಹೆಕ್ಟೇರ್, ಅದರಲ್ಲಿ 500 ಸತತ ನೀರಿನದು, 1,000 ಒಮ್ಮೆ ಒಣಗಿದ್ದು. ಎರಡೂ ಸೇರಿ 147. ಬೇಸಾಯದ ಒಟ್ಟು 565 ಟನ್. ಸೌದೆ ಒಲೆ 3,000 ಮನೆಗಿಳಿದು 28 ಟನ್, ಸೆಪ್ಟಿಕ್ ಟ್ಯಾಂಕ್ ಬಳಸುವವರು 20,000ಕ್ಕೇರಿ 74 ಟನ್, ದಿನಕ್ಕೆ ಹತ್ತು ಟನ್ ಕಸದಿಂದ 55 ಟನ್. ಒಟ್ಟು 722 ಟನ್, ಬೇಸಾಯದ ಪಾಲು ಶೇ. 78.

ದೊಡ್ಡ ಜಾನುವಾರು 12,500ರಿಂದ 9,500ಕ್ಕೆ, ಅಂದರೆ ಶೇ. 24ರಷ್ಟು ಇಳಿದಿವೆ. ಅವುಗಳ ಮೀಥೇನ್ ಇಳಿದದ್ದು ಶೇ. 18 ಮಾತ್ರ, ಏಕೆಂದರೆ ಉಳಿದವುಗಳಲ್ಲಿ ಹೆಚ್ಚು ತಿನ್ನುವ ಮಿಶ್ರತಳಿಯೇ ಹೆಚ್ಚು. ಅದೇ ಮಿಶ್ರತಳಿ ಹಸು ಕೊಡುವ ಹಾಲನ್ನೂ ಎದುರಿಗಿಟ್ಟರೆ ಲೀಟರಿಗೆ ತಗಲುವ ಮೀಥೇನ್ ನಾಟಿ ಹಸುವಿಗಿಂತ ಕಡಿಮೆ ಬರುತ್ತದೆ. ಎತ್ತು ಹೂಡಿದ್ದಕ್ಕೆ ಯಾವ ಲೀಟರಿನ ಲೆಕ್ಕವೂ ಇಲ್ಲ ಎಂಬುದನ್ನೂ ಆಗ ನೆನೆಯಬೇಕು.

ಈಗ ಮುಖ್ಯ ಪರೀಕ್ಷೆ. ಪಾಲು 91ರಿಂದ 78ಕ್ಕೆ, ಹದಿಮೂರು ಅಂಶ ಇಳಿದಿದೆ. ಇದರಲ್ಲಿ ಬೇಸಾಯ ಬದಲಾದದ್ದರಿಂದ ಎಷ್ಟು, ಶೌಚಗುಂಡಿ ಮತ್ತು ಕಸದಿಂದ ಎಷ್ಟು? ತಿಳಿಯಲು ಬೇಸಾಯವನ್ನು 2003ರ 819 ಟನ್ನಿನಲ್ಲೇ ನಿಲ್ಲಿಸಿ, ಉಳಿದದ್ದನ್ನು ಮಾತ್ರ 2019ಕ್ಕೆ ತನ್ನಿ. ಉಳಿದದ್ದು 157, ಎರಡೂ ಸೇರಿ 976. 819ನ್ನು 976ರಿಂದ ಭಾಗಿಸಿದರೆ ಶೇ. 84. ಒಂದು ಎಮ್ಮೆ ಮಾರದೆ, ಒಂದು ಗದ್ದೆ ಒಣಗಿಸದೆ ಏಳು ಅಂಶ ಇಳಿಯಿತು. ಇಳಿಕೆಯ ಅರ್ಧಕ್ಕಿಂತ ಹೆಚ್ಚು ಭಾಗ ರೈತನಿಗೆ ಸಂಬಂಧವೇ ಇಲ್ಲದ್ದು. ಈ ಪರೀಕ್ಷೆ ಮಾಡದೆ ಪಾಲಿನ ಏರಿಳಿತವನ್ನು ಯಾರ ಮುಂದೆಯೂ ಇಡಬೇಡಿ. ಪಾಲು ಇಳಿಯಿತೆಂದು ಬೆನ್ನು ತಟ್ಟಿಕೊಳ್ಳುವವರೂ, ಏರಿತೆಂದು ದನ ಸಾಕುವವರನ್ನು ದೂರುವವರೂ ಇದೇ ಭಾಗಾಕಾರದಲ್ಲಿ ಮುಗ್ಗರಿಸುತ್ತಾರೆ.

ಬರೆದಿಡುವಾಗ

ಕಾರ್ಬನ್ ಡೈಆಕ್ಸೈಡ್‌ಗೆ ಪರಿವರ್ತಿಸುವ ಗೊಡವೆಗೆ ಹೋಗಬೇಡಿ. ಹಳೆಯ ರಾಷ್ಟ್ರೀಯ ವರದಿಗಳು ಒಂದು ಟನ್ ಮೀಥೇನನ್ನು 21 ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮ ಎಂದು ಹಿಡಿದಿದ್ದವು. ಆಮೇಲೆ ಬಂದ ಅಂಕಿ 25, ಅದರ ನಂತರದ್ದು 28. ಮೀಥೇನ್‌ನೊಳಗಿನ ಪಾಲಿಗೆ ಇದು ಬೇಕಿಲ್ಲ, ಟನ್ನಿನಲ್ಲೇ ಇರಲಿ.

ಪ್ರತಿ ಸಾಲಿನ ಪಕ್ಕದಲ್ಲಿ ಗುಣಕ ಯಾವುದು, ಅಂಕಿ ಯಾರು ಕೊಟ್ಟದ್ದು, ಯಾವ ವರ್ಷದ್ದು ಎಂದು ಬರೆಯಿರಿ. ಮುಂದಿನ ಗಣತಿಯ ಹೋಬಳಿವಾರು ಅಂಕಿ ಕೈಗೆ ಬಂದಾಗ ಹೊಸ ಗುಣಕ ಬಳಸಬೇಕೆನಿಸಿದರೆ ಬಳಸಿ, ಆದರೆ 2003ರಿಂದಲೇ ಎಲ್ಲ ವರ್ಷಗಳನ್ನೂ ಹೊಸದಾಗಿ ಗುಣಿಸಿ. ಹಳೆಯ ಪಟ್ಟಿಯ ಕೊನೆಗೆ ಹೊಸ ಸಾಲು ಅಂಟಿಸುವುದೇ 78, 67, 74ರಂಥ ಏರಿಳಿತಕ್ಕೆ ದಾರಿ.

ಉತ್ತರದಲ್ಲಿ ದಶಾಂಶ ಬೇಡ. ಹಾಲೆಮ್ಮೆಯ 50 ಎಂಬ ಗುಣಕಕ್ಕೇ ಆಚೀಚೆ 17ರ ಅನಿಶ್ಚಿತತೆ ಇದೆ, ಮಿಶ್ರತಳಿ ಹಸುವಿನ 43ಕ್ಕೆ 5ರ ಅನಿಶ್ಚಿತತೆ. ಹೀಗಿರುವಾಗ ಶೇ. 78.25 ಎಂದು ಬರೆದವರನ್ನು ನಾನು ಅನುಮಾನದಿಂದ ನೋಡುತ್ತೇನೆ. “ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು” ಎಂದು ಬರೆದು, ಕೆಳಗೆ ಟನ್‌ಗಳ ಪಟ್ಟಿಯನ್ನು ಕೊಟ್ಟರೆ ಸಾಕು.